ಅರಿಶಿನದ ದಿನ ಅಕ್ಕನ ಬಾಯಿ ಮುಚ್ಚಿಸಿದ್ದು

ಅಕ್ಕ, ನನ್ನ ಮಗಳ ಅರಿಶಿನದ ದಿನ ನಿನಗೆ ಗಂಟಲು ಕಟ್ಟಿರಲಿಲ್ಲ. ಹಾಗೆಂದು ಬೀಗರ ಮುಂದೆ ಸುಳ್ಳು ಹೇಳಿದವಳು ನಾನು. ನಿನ್ನ ಹಳ್ಳಿಮಾತು ಅವರ ಕಿವಿಗೆ ಬೀಳಬಾರದೆಂದೇ ಹೇಳಿದೆ.

ತೆರಕಣಾಂಬಿಯಿಂದ ಮದುವೆಯಾಗಿ ಮೈಸೂರಿಗೆ ಬಂದ ಹೊಸದರಲ್ಲಿ ನಾನು ‘ಬಿಡಿ’ಗೆ ‘ಬುಡಿ’ ಎಂದರೆ ಸಾಕು, ವಠಾರದ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಹಟ ಹಿಡಿದು ಕಲಿತೆ. ಓನರ್ ಮನೆಯವರ ಮಾತನ್ನು ಪಾತ್ರೆ ತಿಕ್ಕುತ್ತಾ ಒಬ್ಬಳೇ ಹೇಳಿಕೊಳ್ಳುತ್ತಿದ್ದೆ. ವರ್ಷ ಕಳೆಯುವಷ್ಟರಲ್ಲಿ ಮೈಸೂರಿನವಳೇ ಆಗಿಬಿಟ್ಟೆ — ಎಂಥ ಸೊಕ್ಕು ನನ್ನದು!

ನೀನೋ, ಊರಿನ ಹೆಣ್ಣುಮಕ್ಕಳಿಗೆಲ್ಲ ಅರಿಶಿನ ಹಚ್ಚುವಾಗ ಸೋಬಾನೆ ಹೇಳುವವಳು. ನೀನು ಪದ ಎತ್ತದೆ ಯಾವ ಮದುಮಗಳೂ ಹಸೆಯಿಂದ ಏಳುತ್ತಿರಲಿಲ್ಲ. ಅವತ್ತೂ ಛತ್ರಕ್ಕೆ ಬಂದವಳೇ ನನ್ನ ಗಲ್ಲ ಹಿಡಿದು, “ನಮ್ ಮಗಿಗೆ ಪದ ಏಳ್ದೆ ಇನ್ಯಾರ್ಗೆ ಏಳಾನ ಕಣಮ್ಮಿ? ಮೂರ್ ದಿನದಿಂದ ಗ್ಯಾಪ್ಕ ಮಾಡ್ಕತಾ ಇವ್ನಿ,” ಎಂದು ನಕ್ಕಿದ್ದೆ.

ಅಷ್ಟರಲ್ಲಿ ಬೀಗಿತ್ತಿ ಬಂದರು. ನಾಳೆ ಇವರು ನನ್ನ ಮಗಳನ್ನು ಆಡಿಕೊಂಡರೆ — ಎನ್ನಿಸಿತು.

“ಅಕ್ಕನಿಗೆ ಗಂಟಲು ಕಟ್ಟಿದೆ, ಮಾತಾಡೋಕಾಗಲ್ಲ,” ಎಂದುಬಿಟ್ಟೆ.

ನೀನು ನನ್ನ ಮುಖವನ್ನೇ ನೋಡಿದೆ. ಆಮೇಲೆ — ಅಯ್ಯೋ ಅಕ್ಕ! — ಗಂಟಲಿಗೆ ಕೈಯಿಟ್ಟುಕೊಂಡು ಕೆಮ್ಮಿದೆ. ಪಾಪ, ಬೀಗಿತ್ತಿ ನಂಬಿ ಮೆಣಸಿನ ಹಾಲು ಕಾಯಿಸಿ ತಂದರು. ಖಾರಕ್ಕೆ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನೀನು ಗಟಗಟನೆ ಕುಡಿದು ನನ್ನ ಮಾನ ಉಳಿಸಿದೆ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಲೋಟ ಎಸೆಯುತ್ತಿದ್ದೆ. ನನ್ನ ಮಗಳು ಪದವಿಲ್ಲದೆ ಹಸೆಯಿಂದ ಎದ್ದಳು.

ಈಗ ಅವಳು ತುಂಬು ಬಸುರಿ. ನೀನು ವಾರವಾರ ಫೋನ್ ಮಾಡುತ್ತೀಯ. ಆದರೆ ಮೊದಲೆಲ್ಲ “ಎಂಗಿದ್ದೀಯಮ್ಮಿ?” ಎಂದು ಕೂಗುತ್ತಿದ್ದವಳು ಈಗ, “ಹೇಗಿದ್ದೀಯಾ? ಊಟ ಆಯಿತಾ?” ಎಂದು ತಡೆತಡೆದು ಕೇಳುತ್ತೀಯ. ಕೋಪವಿರಬೇಕು ಎಂದುಕೊಂಡಿದ್ದೆ. ಮೊನ್ನೆ ತಾಳಲಾರದೆ ನಾನೇ, “ಯಾಕಕ್ಕ ಇಂಗಾಡೀಯೆ? ನಮ್ ಮಾತಲ್ಲೇ ಆಡು ಕಣಕ್ಕ,” ಎಂದೆ.

“ಕಲೀತಾ ಇದ್ದೀನಿ,” ಎಂದೆ ನೀನು, ಒಂದಿಷ್ಟೂ ಮುನಿಸಿಲ್ಲದೆ. “ಮಗು ಹುಟ್ಟಿದ ಮೇಲೆ ನೋಡೋದಕ್ಕೆ ಬರಬೇಕಲ್ಲ.”

ಅಕ್ಕ, ನಾನು — ಏನು ಹೇಳಲಿ? ನಿನ್ನೆ ಬೀಗಿತ್ತಿಯ ಮನೆಗೆ ಹೋಗಿ ನಿಜ ಹೇಳಿ ಬಂದೆ. ಭಾನುವಾರ ತೆರಕಣಾಂಬಿಗೆ ಬರುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಬಯ್ಯಿ ಅಕ್ಕ, ಬಾಯ್ತುಂಬ ಬಯ್ಯಿ — ನಿನ್ನ ಮಾತಲ್ಲೇ.