ಅರಳಿಕಟ್ಟೆ ಹತ್ತಿದ ಅಕ್ಷಾಂಶದ ಕಲ್ಲು

ಕೆ.ಆರ್. ಪುರದ ಬಳಿ ಹಳೆ ಮದ್ರಾಸ್ ರಸ್ತೆಯ ಅಂಚಿನಲ್ಲಿ ಮೊಣಕಾಲೆತ್ತರದ ಒಂದು ಕಲ್ಲುಕಂಬವಿತ್ತು. ಹದಿಮೂರು ಡಿಗ್ರಿ ಉತ್ತರ ಅಕ್ಷಾಂಶ ಇಲ್ಲಿ ಹಾದುಹೋಗುತ್ತದೆ ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ ಕೆತ್ತಿದ್ದರು. ನೆಟ್ಟವರು ಯಾರೆಂದು ನಾನು ವಿಚಾರಿಸಿದ ಯಾವ ಕಚೇರಿಗೂ ಗೊತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ, ದಂಡು ಪ್ರದೇಶದ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದಾಗ, ಪ್ರತಿ ವರ್ಷ ಏಳನೇ ತರಗತಿಯನ್ನು ಅಲ್ಲಿಗೆ ಕರೆದೊಯ್ದು ಸಾಲಾಗಿ ನಿಲ್ಲಿಸುತ್ತಿದ್ದೆ. ಒಬ್ಬೊಬ್ಬರಾಗಿ ಬಂದು ಆ ಅಕ್ಷಾಂಶದ ಗೆರೆಯ ಆಚೆಗೊಂದು ಈಚೆಗೊಂದು ಕಾಲಿಡಬೇಕು, ಮುಂದೆ ಸಾಗಬೇಕು. ತಳ್ಳಾಟ ಕೂಡದು.

ಪಕ್ಕದಲ್ಲಿ ಹೂ ಮಾರುತ್ತಿದ್ದ ಹೆಂಗಸು ದಿನವೂ ಆ ಕಲ್ಲಿಗೆ ಅರಿಸಿನ ಕುಂಕುಮ ಹಚ್ಚುತ್ತಿದ್ದಳು. ಅಕ್ಷರ ಮುಚ್ಚಿಹೋಗುತ್ತದೆಂದು ನಾನು ಒರೆಸುತ್ತಿದ್ದೆ. ಅವಳು ಮತ್ತೆ ಹಚ್ಚುತ್ತಿದ್ದಳು.

ನಾನು ನಿವೃತ್ತನಾದ ಮೇಲೆ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ಕಲ್ಲನ್ನು ಉಳಿಸಿ ಎಂದು ಇಂಜಿನಿಯರನ ಬೆನ್ನು ಹತ್ತಿದೆ. ಒಪ್ಪಿದ. ಒಂದು ದಿನ ಬೆಳಗಿನ ವಾಕಿಂಗ್‌ಗೆ ಹೋದಾಗ ನೋಡಿದರೆ ಕಲ್ಲು ಜಾಗದಲ್ಲಿರಲಿಲ್ಲ. ಉತ್ತರಕ್ಕೆ, ಗಲ್ಲಿಯೊಳಗಿನ ಅರಳಿಕಟ್ಟೆಯ ಮೇಲೆ, ನಾಗರಕಲ್ಲುಗಳ ಪಕ್ಕ ಹಾರ ಹಾಕಿಸಿಕೊಂಡು ಕೂತಿತ್ತು.

“ಪೂಜೆ ಮಾಡ್ಸೇ ಎತ್ಸಿದ್ದು ಮೇಷ್ಟ್ರೇ. ಒಂಚೂರೂ ಮುಕ್ಕಾಗಿಲ್ಲ,” ಎಂದಳು ಹೂವಿನವಳು, ಹೆಮ್ಮೆಯಿಂದ.

ಅಲ್ಲೇ ಕೆಲಸ ನೋಡುತ್ತಿದ್ದ ಇಂಜಿನಿಯರನದೂ ಅದೇ ಮಾತು. “ಉಳಿಸಿ ಅಂದ್ರಿ, ಉಳಿಸಿದ್ದೀವಲ್ಲ ಸರ್.”

“ಗೆರೆ ಆ ರಸ್ತೆ ಕೆಳಗಿದೆ ಕಣ್ರೀ. ಕಲ್ಲು ಇಲ್ಲಿದ್ರೆ ಏನು ಪ್ರಯೋಜನ?”

“ಗೆರೇನೂ ಸ್ವಲ್ಪ ಈ ಕಡೆ ಜರುಗಿಸ್ಕೊಳ್ಳಿ ಸರ್,” ಎಂದ ಪಕ್ಕದಲ್ಲಿದ್ದ ಮೇಸ್ತ್ರಿ. “ಅದಕ್ಯಾಕೆ ಪರ್ಮಿಷನ್ನು?”

ಕಲ್ಲನ್ನು ವಾಪಸು ನೆಡಿಸಲು ಕಚೇರಿಗಳಿಗೆ ಅಲೆದೆ. ಪೂಜೆ ನಡೆಯುತ್ತಿರುವ ಕಲ್ಲನ್ನು ಮುಟ್ಟುವುದಕ್ಕೆ ಯಾವ ಅಧಿಕಾರಿಯೂ ತಯಾರಿರಲಿಲ್ಲ. ಕಾಲಿನಿಂದ ಒದ್ದು ಕೆಡವಿದ್ದರೆ ದೂರು ಕೊಡಬಹುದಿತ್ತು. ಭಕ್ತಿಯಿಂದ ಕೆಡಿಸಿದ್ದಕ್ಕೆ ಯಾರ ಮೇಲೆ ದೂರು ಕೊಡಲಿ?

ಮರುವರ್ಷ ನನ್ನ ಜಾಗಕ್ಕೆ ಬಂದಿದ್ದ ಟೀಚರು, ಮಕ್ಕಳನ್ನು ಕರೆತರುತ್ತೇನೆ, ನೀವೇ ವಿವರಿಸಿ ಎಂದರು. ನಾನು ಸಮಯಕ್ಕೆ ಸರಿಯಾಗಿಯೇ ಹೋದೆ. ಅವರು ಮೊದಲೇ ಬಂದಿದ್ದರು. ಮಕ್ಕಳು ಶೂ ಬಿಚ್ಚಿಟ್ಟು ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಕಲ್ಲಿಗೆ ಕೈಮುಗಿದು ಮುಂದೆ ಸಾಗುತ್ತಿದ್ದರು. ತಳ್ಳಾಟವಿರಲಿಲ್ಲ.

“ಗೆರೆ ಇಲ್ಲಿಲ್ಲ, ಎಲ್ಲರೂ ಕೆಳಗಿಳೀರಿ,” ಎಂದೆ.

“ಇರ್ಲಿ ಮೇಷ್ಟ್ರೇ, ಮಂಗಳಾರತಿ ಆಗ್ಲಿ,” ಎಂದಳು ಹೂವಿನವಳು.

ಆರತಿ ಮುಗಿಯುವವರೆಗೆ ಕಾದೆ. ಆಮೇಲೆ ಮಕ್ಕಳನ್ನು ರಸ್ತೆಯ ಬದಿಗೆ ಕರೆದೊಯ್ದು, ಟಾರಿನ ಕಡೆಗೆ ಕೈ ತೋರಿಸಿದೆ.

“ಎಲ್ಲಿ ಸರ್?” ಎಂದಳು ಒಬ್ಬ ಹುಡುಗಿ.

“ಆ ಲಾರಿ ಕೆಳಗೆ.”

ಅವಳು ಬಗ್ಗಿ ನೋಡಿದಳು. ಲಾರಿ ಮುಂದೆ ಹೋಯಿತು. ಹಿಂದೆಯೇ ಇನ್ನೊಂದು ಬಂತು.