ಬೊಳ್ದು ಜುವಾಕಿಮನ ಮಗಳು, ಬಾನ್ ರಯಾನನ ಕುಡಿ

ಸುಸನ್ ಹಠಕ್ಕೆ ಬಿದ್ದರೆ ಅಬುಧಾಬಿಯ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರುಗಳೇ ಪಕ್ಕಕ್ಕೆ ಸರಿಯುತ್ತಿದ್ದರು. ಅಂಥ ನರ್ಸಿಗೂ ನಾದಿನಿ ಲವಿನಾಳ ಮಾತು ಮಾತ್ರ ಚುಚ್ಚುತ್ತಿತ್ತು. ಗಂಡ ಆನ್ಸೆಲ್ಮನ ಮನೆಯವರು ಮಂಗಳೂರು ಕಡೆಯ ಧಣಿಗಳು, ಸುಸನಳ ಅಪ್ಪ ಜುವಾಕಿಂ ಗೇಣಿ ಒಕ್ಕಲು. ಮದುವೆಯಾದಂದಿನಿಂದ ಲವಿನಾ ಅದನ್ನು ನಗುನಗುತ್ತಲೇ ನೆನಪಿಸುತ್ತಿದ್ದಳು.

2014ರಲ್ಲಿ ಮಗಳು ನತಾಶಾ ಅಬುಧಾಬಿಯಲ್ಲೇ ಮೇಷ್ಟ್ರಾಗಿದ್ದ ಐರ್ಲೆಂಡಿನ ಡೆಕ್ಲನ್ ರಯಾನನನ್ನು ಮೆಚ್ಚಿದಳು. ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲಿ ಎರಡೂ ಮನೆತನಗಳನ್ನು ಪರಿಚಯಿಸಬೇಕು. ಡೆಕ್ಲನನಿಗೋ ಅಜ್ಜನ ಅಜ್ಜ ಜಾನ್ ರಯಾನ್, ಟಿಪ್ಪರರಿ ಸೀಮೆಯ ಒಂದು ಹಳ್ಳಿಯವನು ಎನ್ನುವುದಷ್ಟೇ ಗೊತ್ತು.

"ಮನೆತನವೇ ಗೊತ್ತಿಲ್ಲದ ಹುಡುಗ. ಸ್ಟೇಜಲ್ಲಿ ಏನಂತ ಹೇಳಿಸ್ತೀರಿ ಅತ್ತಿಗೆ?" ಎಂದಳು ಲವಿನಾ.

"ಹುಡುಕಿ ಹೇಳಿಸ್ತೇನೆ," ಎಂದಳು ಸುಸನ್.

ಆ ಸಂಜೆಯೇ ಭಾವೀ ಅಳಿಯನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ನೂರಾ ಅರವತ್ತು ವರ್ಷದ ಹಿಂದೆ ತೆರಿಗೆಗೆಂದು ಐರ್ಲೆಂಡಿನ ಹಳ್ಳಿಹಳ್ಳಿಯನ್ನೂ ಅಳೆದು ಬರೆದ ಜಮೀನು ದಾಖಲೆ ಅದರಲ್ಲಿ ಪುಕ್ಕಟೆ ನೋಡಲು ಸಿಗುತ್ತಿತ್ತು. ಹಳ್ಳಿಯೇನೋ ಸಿಕ್ಕಿತು, ಆದರೆ ಅಲ್ಲಿ ಜಾನ್ ರಯಾನರು ಮೂವರು. ಪ್ರತಿಯೊಬ್ಬನ ಹೆಸರಿನ ಮುಂದೆ ಒಂದೊಂದು ವಿಚಿತ್ರ ಪದ.

"ಬರೆದವರು ಏನೋ ತಪ್ಪು ಮಾಡಿದ್ದಾರೆ ಆಂಟಿ," ಎಂದ ಡೆಕ್ಲನ್.

ಸುಸನಳಿಗೆ ನಗು ತಡೆಯಲಾಗಲಿಲ್ಲ. ಅವಳ ಊರಿನಲ್ಲೂ ಜುವಾಕಿಂಗಳು ಮೂವರಿದ್ದರು. ಗುಡ್ಡೆ ಜುವಾಕಿಂ, ಸೋಡಾ ಜುವಾಕಿಂ, ಮತ್ತೆ ಬೆಳ್ಳಗಿದ್ದ ಅವಳ ಅಪ್ಪ ಬೊಳ್ದು ಜುವಾಕಿಂ. ತುಳುವಿನಲ್ಲಿ ಬೊಳ್ದು ಅಂದರೆ ಬಿಳಿ.

"ತಪ್ಪಲ್ಲ ಮಾರಾಯ, ಅದು ಅಡ್ಡಹೆಸರು. ಊರವರು ನಿಮ್ಮ ಮನೆಯವರನ್ನು ಏನಂತ ಕರೀತಿದ್ರು ಅಂತ ಅಜ್ಜನ ಹತ್ರ ಕೇಳು."

ಡೆಕ್ಲನ್ ಫೋನ್ ಮಾಡಿದ. ಅಜ್ಜ ಅನುಮಾನವೇ ಇಲ್ಲದೆ, "ನಾವು ಬಾನ್ ರಯಾನರು," ಎಂದರು. ಅವರ ಭಾಷೆಯಲ್ಲಿ ಬಾನ್ ಅಂದರೂ ಬಿಳಿಯೇ. ಸುಸನ್ ಖುಷಿಯಿಂದ ಹುಡುಗನ ಬೆನ್ನಿಗೊಂದು ಗುದ್ದಿದಳು.

ದಾಖಲೆಯಲ್ಲಿ ಜಾನ್ ರಯಾನ್ ಬಾನನಿಗೆ ಒಂದು ಮನೆ, ಮೂರು ಎಕರೆ. ಆದರೆ ಜಮೀನಿನ ಧಣಿ ಎಂಬಲ್ಲಿ ಬೇರೆ ಯಾರದೋ ಹೆಸರು.

"ಇವರೂ ಗೇಣಿಯವರಾ?" ಸುದ್ದಿ ಕೇಳಿ ಲವಿನಾ ಮೂಗು ಮುರಿದಳು. "ಅದೆಲ್ಲ ಬೇಡ ಅತ್ತಿಗೆ. ಜಮೀನಿತ್ತು ಅಂತ ಹೇಳಿಸಿ, ಸಾಕು."

ಸುಸನಳಿಗೆ ಅಪ್ಪನ ನೆನಪಾಯಿತು. ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ಅಪ್ಪ ಗೇಣಿ ಗದ್ದೆಗೆ ಡಿಕ್ಲರೇಶನ್ ಅರ್ಜಿ ಹಾಕಿ, ಧಣಿಯ ಮುಂದೆ ತಲೆಯೆತ್ತಿ ನಿಂತು, ಗದ್ದೆಯನ್ನು ತನ್ನದಾಗಿಸಿಕೊಂಡಿದ್ದ. ಆ ಗದ್ದೆಯ ಭತ್ತವೇ ಅವಳನ್ನು ನರ್ಸ್ ಮಾಡಿತ್ತು.

ರೋಸಿನ ದಿನ ಮನೆತನಗಳನ್ನು ಪರಿಚಯಿಸಿ ಶುಭ ಕೋರುವ ಟೋಸ್ಟ್ ಹೇಳಲು ಎದ್ದಿದ್ದ ನಿರೂಪಕ ಕ್ಯಾಮಿಲಸನ ಕೈಯಿಂದ ಅವಳೇ ಮೈಕ್ ತೆಗೆದುಕೊಂಡಳು.

"ನಾನು ಗೇಣಿ ಒಕ್ಕಲು ಬೊಳ್ದು ಜುವಾಕಿಮನ ಮಗಳು. ನನ್ನ ಅಳಿಯ ಗೇಣಿ ಒಕ್ಕಲು ಬಾನ್ ರಯಾನನ ಕುಡಿ. ಎರಡೂ ಕಡೆಯವರು ಮೈಬಗ್ಗಿಸಿ ದುಡಿದು ಉಂಡವರು. ಅಪ್ಪನಿಗೆ ಡಿಕ್ಲರೇಶನಿನಲ್ಲಿ ಗದ್ದೆ ಸಿಕ್ಕಿತು, ನನಗೆ ಡೆಕ್ಲನ್ ಸಿಕ್ಕಿದ."

ಹಾಲ್ ತುಂಬ ನಗು. ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದವನು ಧಣಿ ಮನೆಯ ಮಗ ಆನ್ಸೆಲ್ಮ್.