ಫೋನಿನಲ್ಲಿ ಬಂದ ಚಿ

ಕಳೆದ ತಿಂಗಳು ಒಂದು ಶನಿವಾರ ಲಾಸ್ ಏಂಜಲಿಸ್ ಹತ್ತಿರದ ವಾಲ್‌ನಟ್ ಊರಿನಲ್ಲಿರುವ ಅಕ್ಕನ ಮನೆಗೆ ಹೋದೆ. ಭಾವ ಎಡಗಾಲನ್ನು ಟೀಪಾಯಿ ಮೇಲೆ ಚಾಚಿ ಕೂತಿದ್ದರು. ಕಾಲಿನ ಪಕ್ಕ ಅವರ ಸೆಲ್‌ಫೋನ್. ಸ್ಪೀಕರ್ ಆನ್. ಆ ಕಡೆಯಿಂದ ಮಾತಿಲ್ಲ, ಯಾರೋ ಉದ್ದುದ್ದ ಉಸಿರು ಬಿಡುವ ಸದ್ದು ಮಾತ್ರ.

“ಯಾರದು ಲೈನಿನಾಗ?” ಅಂದೆ.

ಭಾವ ತುಟಿ ಮೇಲೆ ಬೆರಳಿಟ್ಟರು. ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದೊಯ್ದು ಪಿಸುಗುಟ್ಟಿದಳು. “ಸುಮ್ನಿರೋ ತಮ್ಮಾ. ಚಿ ಬರ್ಲಿಕ್ಕತ್ತೇದ.”

ಚಿ ಅಂದರೆ ನಾವು ಮೂಗು ಮುಚ್ಚಿಕೊಂಡು ಅನ್ನುವ ಛೀ ಅಲ್ಲ. ಮೈಯೊಳಗೆ ಹರಿಯುತ್ತದೆಂದು ಚೀನೀಯರು ಹೇಳುವ ಪ್ರಾಣಶಕ್ತಿ. ಅದನ್ನು ಅಂಗೈಯಿಂದ ಇನ್ನೊಬ್ಬರ ಮೈಗೆ ದಾಟಿಸುತ್ತೇವೆ ಅನ್ನುವ ಚಿಕಿತ್ಸಕರು ಲಾಸ್ ಏಂಜಲಿಸ್‌ನ ಈ ಪೂರ್ವದ ಊರುಗಳಲ್ಲಿ ಬೇಕಾದಷ್ಟು ಮಂದಿ. ಆದರೆ ಫೋನಿನಲ್ಲಿ?

ನಮ್ಮ ಭಾವ ಎಂಥವರೆಂದು ನಿಮಗೆ ಹೇಳಲೇಬೇಕು. ಧಾರವಾಡದವರು. ಸಿವಿಲ್ ಇಂಜಿನಿಯರ್. ಸೇತುವೆ ಎಷ್ಟು ಭಾರ ತಡೆದೀತು ಅಂತ ಲೆಕ್ಕ ಹಾಕುವುದೇ ಕೆಲಸ. ಜಾತಕ ನಂಬುವುದಿಲ್ಲ. ನನ್ನ ಮದುವೆಯಲ್ಲಿ ಮುಹೂರ್ತ ಮೀರುತ್ತಿದೆ ಅಂತ ಒದ್ದಾಡುತ್ತಿದ್ದ ಪುರೋಹಿತರನ್ನು ಕಾಫಿ ಕುಡಿಸಿ ಕೂರಿಸಿದವರು.

ಇಂಥವರು ಚಿ ಕಡೆ ತಿರುಗಿದ್ದು ಬೆನ್ನುನೋವಿನಿಂದ. ಮಾತ್ರೆ, ಫಿಸಿಯೋಥೆರಪಿ, ಬೆಲ್ಟು, ಎಲ್ಲ ಆಯಿತು. ಬಗ್ಗಿದರೆ ಏಳಲಾಗದು. ಆಗ ಆಫೀಸಿನ ಚೀನೀ ಗೆಳೆಯರೊಬ್ಬರು ಮಾಸ್ಟರ್ ಲಿಯು ಅವರ ಅಡ್ರೆಸ್ ಕೊಟ್ಟರು. ಮೊದಲ ಸಲ ಭಾವನನ್ನು ಅಲ್ಲಿಗೆ ಡ್ರೈವ್ ಮಾಡಿಕೊಂಡು ಹೋದವನು ನಾನೇ. (ನಾನಿರುವ ಕಾರ್ಲ್ಸ್‌ಬಾಡ್‌ನಿಂದ ಅಷ್ಟು ದೂರ ಬಂದವನನ್ನು ಅಕ್ಕ ಯಾವತ್ತೂ ಸುಮ್ಮನೆ ಕೂರಲು ಬಿಟ್ಟವಳಲ್ಲ.)

ನೂಡಲ್ಸ್ ಅಂಗಡಿ ಪಕ್ಕದಲ್ಲಿ ಒಂದು ಕೋಣೆ. ಅರವತ್ತು ದಾಟಿದ, ಗಟ್ಟಿಮುಟ್ಟಾದ ಲಿಯು. ಗೋಡೆ ತುಂಬ ಅವರದೇ ಫೋಟೋ. ಒಂದರಲ್ಲಿ ಹಸಿ ಮೊಟ್ಟೆಗಳ ಮೇಲೆ ನಿಂತಿದ್ದಾರೆ. ಇನ್ನೊಂದರಲ್ಲಿ ಭರ್ಜಿಯ ಮೊನೆಯನ್ನು ಗಂಟಲಿಗೆ ಒತ್ತಿಕೊಂಡಿದ್ದಾರೆ, ಭರ್ಜಿಯೇ ಬಾಗಿದೆ. ಹಿಂದೊಮ್ಮೆ ಗೋಡೆಯ ಆಚೆ ನಿಂತು ಅಂಗೈ ತಳ್ಳಿ, ಈಚೆ ಇದ್ದ ಮೂವರು ಶಿಷ್ಯರನ್ನು ಕೆಡವಿದ್ದರಂತೆ. ನಾವು ಕೇಳಿರಲಿಲ್ಲ, ಅವರೇ ಹೇಳಿದರು. ನಾನು ನಗು ತಡೆದುಕೊಂಡೆ.

ಭಾವನನ್ನು ಬೋರಲು ಮಲಗಿಸಿ, ಸೊಂಟದಿಂದ ಒಂದು ಗೇಣು ಮೇಲೆ ಅಂಗೈ ಹಿಡಿದರು. ಮುಟ್ಟಲಿಲ್ಲ. ಆಮೇಲೆ ನನ್ನ ಮುಖ ನೋಡಿ ಏನನ್ನಿಸಿತೋ, “ಯೂ, ಕಮ್” ಅಂದರು. ನನ್ನ ಅಂಗೈ ಮೇಲೆ ಅವರ ಅಂಗೈ. ನಡುವೆ ಗಾಳಿ.

ಬಿಸಿಯಾಯಿತು. ಹೌದು, ಚಹಾದ ಲೋಟ ಹಿಡಿದ ಹಾಗೆ. ಎಲ್ಲಿಂದ ಬಂತು? ಇವತ್ತಿಗೂ ಗೊತ್ತಿಲ್ಲ. ವಾಪಸ್ ಬರುವಾಗ ಫ್ರೀವೇ ಉದ್ದಕ್ಕೂ ಸ್ಟೀರಿಂಗ್ ಮೇಲಿನ ನನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದೆ.

ಕೆಲವು ವಾರಗಳಲ್ಲಿ ಭಾವ ನೆಟ್ಟಗೆ ನಿಂತರು. ಅದು ಚಿ ಕೆಲಸವೋ, ಸದಾ ಓಡಾಡುವ ಮನುಷ್ಯ ವಾರಕ್ಕೊಮ್ಮೆ ಅಲ್ಲಾಡದೆ ಮಲಗಿದ್ದರ ಫಲವೋ? ನೋವು ಹೋದವರನ್ನು ಇಂಥ ಪ್ರಶ್ನೆ ಕೇಳಬಾರದು. ಭಾವ ಕಂಡವರಿಗೆಲ್ಲ ಲಿಯು ಹೆಸರು ಹೇಳತೊಡಗಿದರು. ಪರಿಚಯದ ಕನ್ನಡದವರ ಮನೆಗಳಿಂದ ಮೊಣಕಾಲು, ಭುಜ, ಕುತ್ತಿಗೆಗಳು ಸಾಲಾಗಿ ಅಲ್ಲಿಗೆ ಹೊರಟವು.

ಅಷ್ಟರಲ್ಲಿ ಹೊಸ ಶೂ ಕಚ್ಚಿ ಭಾವನ ಎಡಗಾಲಿನ ಕಿರುಬೆರಳಿನಲ್ಲಿ ಗುಳ್ಳೆ ಎದ್ದಿತು. ಅವರಿಗೆ ಬಹಳ ವರ್ಷದಿಂದ ಶುಗರ್. ಪಾದದಲ್ಲಿ ಸ್ಪರ್ಶ ಕಡಿಮೆ. ಗುಳ್ಳೆ ಒಡೆದು ಹುಣ್ಣಾದದ್ದು ಕಂಡವಳು ಅಕ್ಕ. “ಡಾಕ್ಟರಿಗೆ ತೋರಸ್ರಿ” ಅಂದಳು. ಭಾವ ಹೋಗಿದ್ದು ಲಿಯು ಹತ್ತಿರ.

ಲಿಯು ಸಾಕ್ಸ್ ತೆಗೆಸಿ ನೋಡಿದರಂತೆ. ಅಂಗೈ ಎತ್ತಲೇ ಇಲ್ಲವಂತೆ. “ಶುಗರ್?” ಅಂತ ಕೇಳಿದರು. ಹೌದು ಅಂದಾಗ, “ನೋ ಚಿ. ಹಾಸ್ಪಿಟಲ್. ಟುಡೇ.” ಭಾವ ಒತ್ತಾಯ ಮಾಡಿದ್ದಕ್ಕೆ ಅವರ ಶೂ ತಂದು ಮುಂದಿಟ್ಟು ಬಾಗಿಲು ತೆರೆದು ನಿಂತರಂತೆ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಮ್ಮ ಭಾವನಿಗೆ ಸಿಟ್ಟು ಬಂತು.

“ಗ್ವಾಡಿ ಆಚೆ ನಿಂತು ಮೂರು ಮಂದೀನ್ನ ಕೆಡವ್ತಾನಂತ. ಒಂದು ಬೆರಳು ನೆಟ್ಟಗ ಮಾಡ್ಲಿಕ್ಕೆ ಆಗೂದಿಲ್ಲಂತ! ಡಾಕ್ಟರ್ ಕಡೆ ಹೋಗ್ರಿ ಅನ್ನಾಂವ ಎಂಥಾ ಮಾಸ್ಟರ್?”

ಲಿಯುಗಿಂತ ದೊಡ್ಡ ಮಾಸ್ಟರನ್ನು ಹುಡುಕಿದರು. ಹುಡುಕಿದರೆ ಸಿಗದೆ ಇರುತ್ತಾರೆಯೇ? ಈತ ಯಾವುದೋ ದೂರದ ಊರಿನಲ್ಲಿದ್ದಾನೆ. ರೋಗಿಯ ಮುಖ ನೋಡುವುದಿಲ್ಲ. ಫೋನಿನಲ್ಲೇ ಚಿ ಕಳಿಸುತ್ತಾನೆ. ವಾಸಿಯಾಗದ ಕಾಯಿಲೆ ಅನ್ನುವುದು ಆತನ ಬಾಯಲ್ಲೇ ಇಲ್ಲ. ನಾನು ಹೋದ ಶನಿವಾರ ಟೀಪಾಯಿ ಮೇಲೆ ಉಸಿರಾಡುತ್ತಿದ್ದದ್ದು ಅದೇ ಆಸಾಮಿ.

ಫೋನ್ ಮುಗಿದ ಮೇಲೆ ಹತ್ತಿರ ಹೋಗಿ ಕಾಲು ನೋಡಿದೆ. ಬೆರಳ ತುದಿ ಕಪ್ಪಾಗಿತ್ತು. ಪಾದವೆಲ್ಲ ಕೆಂಪು, ಊತ. ಅಕ್ಕ ಹಚ್ಚಿಟ್ಟ ಊದಿನಕಡ್ಡಿಯನ್ನೂ ಮೀರಿ ವಾಸನೆ ಬರುತ್ತಿತ್ತು.

“ಭಾವ, ಈಗಿಂದೀಗ ಎಮರ್ಜೆನ್ಸಿಗೆ ಹೋಗೂಣು.”

“ಟ್ರೀಟ್‌ಮೆಂಟ್ ನಡುವ ಬಿಡಬಾರದು. ಮತ್ತ, ನೋಡಿಲ್ಲೆ, ಒಂದೀಟೂ ನೋವಿಲ್ಲ!”

ನೋವಿಲ್ಲದಿರುವುದೇ ಭಯದ ವಿಷಯ ಅಂತ ಈ ಇಂಜಿನಿಯರಿಗೆ ಹೇಗೆ ಹೇಳುವುದು? ನಾನು ದನಿ ಏರಿಸಿದೆ. ಅವರೂ ಏರಿಸಿದರು. “ನಿಮ್ಮ ಅಕ್ಕನ ಮನಿ ಅಂತ ಬಂದೀಯಪಾ, ಉಂಡು ಹೋಗು” ಅನ್ನುವ ತನಕ ಮಾತು ಹೋಯಿತು.

ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಬಂದು ಫೋನ್ ಎತ್ತಿಕೊಂಡಳು. ರೀಡಯಲ್ ಒತ್ತಿದಳು. ಸ್ಪೀಕರ್ ಹಾಕಿದಳು.

“ಸರ್, ಮೈ ಹಸ್ಬೆಂಡ್ ಈಸ್ ಗೋಯಿಂಗ್ ಟು ಹಾಸ್ಪಿಟಲ್ ನೌ. ಯುವರ್ ಚಿ ವಿಲ್ ಕಮ್ ದೇರ್ ಆಲ್ಸೋ, ನೋ?”

ಆ ಕಡೆ ಮತ್ತೆ ಉಸಿರಿನ ಸದ್ದು. ಪಾಪ, ಏನಂತ ಹೇಳಿಯಾನು? ಎಷ್ಟು ದೂರಕ್ಕಾದರೂ ಚಿ ಕಳಿಸುತ್ತೇನೆ ಅಂದವನು ಆಸ್ಪತ್ರೆಯ ಗೇಟಿನಲ್ಲಿ ಅದು ನಿಂತುಬಿಡುತ್ತದೆ ಅನ್ನಲಾದೀತೇ?

“ಎವ್ರಿವೇರ್,” ಅಂತ ಕೊನೆಗೆ ದನಿ ಬಂತು. “ಇಟ್ ಗೋಸ್ ಎವ್ರಿವೇರ್.”

“ಕೇಳಿದ್ರಿಲ್ಲ?” ಅಂದಳು ಅಕ್ಕ, ಭಾವನ ಕಡೆ ತಿರುಗಿ. “ಏಳ್ರಿ.”

ಎದ್ದರು! ಕಾರಿನಲ್ಲಿ ಫೋನನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. ಎಮರ್ಜೆನ್ಸಿಯ ನರ್ಸ್ ಬೆರಳು ನೋಡಿದವಳು ನಮ್ಮನ್ನು ಕುರ್ಚಿಯಲ್ಲಿ ಕೂರಲೂ ಬಿಡಲಿಲ್ಲ, ಸೀದಾ ಒಳಗೆ ಕರೆದೊಯ್ದಳು. ಸೋಂಕು ಎಲುಬಿಗೆ ಇಳಿದಿದೆ ಅಂದರು ಡಾಕ್ಟರು. ಇನ್ನೂ ತಡಮಾಡಿದ್ದರೆ ಪಾದ, ಪಾದ ಯಾಕೆ, ಜೀವ ಉಳಿಯುವುದೇ ಕಷ್ಟವಿತ್ತು ಅಂದರು. ಕಿರುಬೆರಳು, ಅದರ ಪಕ್ಕದ್ದು, ಎರಡೂ ಹೋದವು. ಪಾದ ಉಳಿಯಿತು.

ಆಪರೇಷನ್ ನಡೆಯುವಾಗ ಅಕ್ಕ ಕಾರಿಡಾರಿನಲ್ಲಿ ಭಾವನ ಬಟ್ಟೆಯ ಚೀಲ ಹಿಡಿದು ಕೂತಿದ್ದಳು. ಅದರೊಳಗಿಂದ ಆ ಹೊಸ ಶೂ ತೆಗೆದು ನೋಡಿದಳು. “ಇದನ್ನ ಆರಿಸಿದಾಕಿ ನಾನಽ ನೋಡೋ,” ಅಂದಳು. ಅಲ್ಲಿಯ ತನಕ ಗಟ್ಟಿಯಾಗಿದ್ದವಳು ಆಮೇಲೆ ಬಹಳ ಹೊತ್ತು ಅತ್ತಳು. ನಾನು ಪಕ್ಕದಲ್ಲಿ ಕೂತಿದ್ದೆ.

ಮೊನ್ನೆ ನೋಡಲು ಹೋದಾಗ ಭಾವ ವಾಕರ್ ಹಿಡಿದು ಹಾಲ್‌ನಲ್ಲಿ ಓಡಾಡುತ್ತಿದ್ದರು. ಮುಖದಲ್ಲಿ ಕಳೆ ಬಂದಿತ್ತು. ನನ್ನನ್ನು ಕೂರಿಸಿಕೊಂಡು ವಿವರವಾಗಿ ಹೇಳಿದರು. “ಡಾಕ್ಟರ್ ಮಂದಿ ಬೆರಳು ಕಡದ್ರು. ಪಾದ ಉಳಿಸಿದ್ದು ಮಾತ್ರ ಫೋನಿನವ್ರು.”

ನಾನು ಬಾಯಿ ತೆರೆದೆ. ಅಕ್ಕ ತಟ್ಟೆಗೆ ಇನ್ನೊಂದು ಥಾಲಿಪಟ್ಟು ಹಾಕಿದಳು. ಹೊರಡುವಾಗ ಕಾರಿನ ತನಕ ಬಂದು ಅಂದಳು. “ಈಗ ದಿನಾ ಇನ್ಸುಲಿನ್ ತಗೊಳ್ಳಿಕ್ಕತ್ತಾರ. ಯಾರ ಹೆಸರ್ಲೆ ತಗೊಂಡ್ರೇನು, ಬಿಡು.”

ಅವಳ ಮಾತು ಸರಿ. ಆದರೂ ನನಗೆ ಸಮಾಧಾನವಾಗಲಿಲ್ಲ. ದಾರಿಯಲ್ಲಿ ನೂಡಲ್ಸ್ ಅಂಗಡಿ ಹತ್ತಿರ ಕಾರು ನಿಲ್ಲಿಸಿದೆ. ಲಿಯು ಒಬ್ಬರೇ ಕೂತಿದ್ದರು. ನಡೆದದ್ದನ್ನು ಹೇಳಿದೆ.

“ಫುಟ್ ಓಕೆ?”

“ಓಕೆ.”

ಉಸಿರು ಬಿಟ್ಟು ನನಗೊಂದು ಲೋಟ ಚಹಾ ಬಗ್ಗಿಸಿದರು. “ಹೀ ಕಮ್ ಬ್ಯಾಕ್?”

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಇಲ್ಲ, ನಿಮ್ಮ ಚಿ ಸಾಲದು ಅಂತಾರೆ ಅಂದೆ. ಲಿಯು ಹೊಟ್ಟೆ ಕುಲುಕಿಸಿ ನಕ್ಕರು. ಭಾವ ಕಳಿಸುತ್ತಿದ್ದ ನಮ್ಮ ಜನರೂ ಈಗ ಬರುತ್ತಿಲ್ಲವಂತೆ. ಎಲ್ಲರ ಹತ್ತಿರವೂ ಫೋನ್ ಇದೆಯಲ್ಲ!

ನಮ್ಮೂರಿನಲ್ಲೂ ‘ಗ್ಯಾರಂಟಿ’ ಅನ್ನುವವರ ಮನೆ ಮುಂದೆ ಕ್ಯೂ ನಿಲ್ಲುತ್ತದೆ. ನೀವೇ ಹೇಳಿ, “ಇದು ನನ್ನ ಕೈಲಾಗುವುದಿಲ್ಲ” ಅಂದವರ ಬಾಗಿಲಿಗೆ ನೀವು ಎರಡನೇ ಸಲ ಹೋದದ್ದು ಯಾವಾಗ?